ಗುಳಿಗಿ ತಪ್ಪಿಸಬ್ಯಾಡ್ರಿ, ಆದ್ರ ಗುಳಿಗಿ ಒಂದರ ಮ್ಯಾಲೇ ಬಿಡಬ್ಯಾಡ್ರಿ: ವರ್ಷಗಟ್ಟಲೆ ಇರೋ ಕಾಯಿಲಿಗೆ ಮನ್ಯಾಗಿನ ಆರೈಕಿ

ದವಾಖಾನಿಯಿಂದ ಡಿಸ್ಚಾರ್ಜ್ ಆಗುವಾಗ ಮನಿಯವರು ನಮ್ಮಂಥ ಸಿಸ್ಟರ್‌ಗಳಿಗೆ ಕೇಳೋದು ಎರಡೇ ಪ್ರಶ್ನೆ. ಗುಳಿಗಿ ಯಾವಾಗ ಕೊಡಬೇಕು, ಊಟಕ್ಕ ಏನು ಕೊಡಬೇಕು. ಎರಡೂ ಕೇಳಬೇಕಾದ್ದೇ, ಆದ್ರ ಗುಳಿಗಿ ನುಂಗೋದು ಒಂದು ನಿಮಿಷದ ಕೆಲಸ, ಉಳಿದ ದಿನ ಪೂರ್ತಿ ಆ ಮನುಷ್ಯ ಏನು ಮಾಡ್ಬೇಕು, ಮನಿಯವರು ಅವರ ಜೊತಿ ಹ್ಯಾಂಗ ಮಾತಾಡ್ಬೇಕು ಅಂತ ಯಾರೂ ಕೇಳಂಗಿಲ್ಲ, ನಮಗೂ ವಾರ್ಡ್‌ನಾಗ ಕುಂದ್ರಿಸಿ ಹೇಳಾಕ ಟೈಮ್ ಸಿಗಂಗಿಲ್ಲ. ಅದಕ್ಕ ಇಲ್ಲಿ ಬರೀತಿದೀನಿ. ಶುಗರ್, ಬಿಪಿ, ಲಕ್ವಾ, ದಮ್ಮು ಇದ್ದವರ ಮನಿಯವರಿಗೂ ಇದು ಆಗ್ತದ, ಸ್ಕಿಜೋಫ್ರೇನಿಯಾ (ಇಲ್ಲದ ಧ್ವನಿ ಕೇಳೋದು, ಇಲ್ಲದ ಸಂಶಯ ಬರೋ ಕಾಯಿಲಿ), ಬೈಪೋಲಾರ್ (ಮನಸ್ಸು ಒಮ್ಮೆ ಅತಿ ಏರಿ, ಒಮ್ಮೆ ಪೂರ್ತಿ ಕುಗ್ಗೋ ಕಾಯಿಲಿ), ಡಿಪ್ರೆಶನ್ ಇದ್ದವರ ಮನಿಯವರಿಗೂ ಆಗ್ತದ. ಎರಡನ್ನೂ ಬ್ಯಾರೆ ಬ್ಯಾರೆ ಮಾಡಿ ಬರಿಯಾಕ ಮನಸ್ಸು ಬರ್ಲಿಲ್ಲ ನನಗ, ಯಾಕಂದ್ರ ಒಂದಿದ್ದಲ್ಲಿ ಇನ್ನೊಂದು ಬಂದೇ ಬರ್ತದ ಅನ್ನೋ ಹಂಗ ಇರ್ತದ. ಶುಗರ್ ಇದ್ದವರಿಗೆ ಡಿಪ್ರೆಶನ್ ಬರೋದು ಉಳಿದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ಜೋರು ಮಾನಸಿಕ ಕಾಯಿಲಿ ಇದ್ದವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ತೀರಿಕೊಳ್ತಾರ ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳ್ತದ, ಅದೂ ಹೆಚ್ಚಿನ ಮಂದಿ ಹೃದಯ, ಶುಗರ್, ಶ್ವಾಸಕೋಶ ಇಂಥ ದೇಹದ ಕಾಯಿಲಿಯಿಂದನೇ.

ಮೊದಲೇ ಒಂದು ಮಾತು. ಇಲ್ಲಿ ಬರೆದದ್ದು ಯಾವುದೂ ಗುಳಿಗಿ ಬದಲಿಗೆ ಅಲ್ಲ. ಇದನ್ನ ಓದಿ "ಇನ್ನ ಗುಳಿಗಿ ಬ್ಯಾಡ ಬಿಡು" ಅಂತ ನಿಲ್ಲಿಸಿದ್ರ ಎಲ್ಲಾ ಕೆಡ್ತದ.

1. ಮೊದಲ ವಾರ ಏನೂ ಮಾಡಬ್ಯಾಡ್ರಿ, ಬರೀ ನೋಡ್ರಿ, ಬರೀರಿ

ಒಂದು ನೂರು ಪೇಜಿನ ನೋಟ್‌ಬುಕ್ ತಗೋರಿ. ಒಂದು ಪೇಜಿನಾಗ ಎರಡು ಗೀಟು ಹೊಡದು ಮೂರು ಕಾಲಂ ಮಾಡ್ರಿ. ಮೊದಲನೇದ್ರಾಗ, ಅವರ ಕೈಯಿಂದ ಈಗ ಆಗೋದೇ ಇಲ್ಲ, ನಾವೇ ಮಾಡ್ಬೇಕು ಅನ್ನೋ ಕೆಲಸ. ಎರಡನೇದ್ರಾಗ ಅರ್ಧ ಅವರು ಅರ್ಧ ನಾವು. ಮೂರನೇದ್ರಾಗ ಅವರೇ ಮಾಡ್ತಾರ, ನಾವು ಬಾಜು ನಿಂತು ನೆನಪು ಮಾಡಿದ್ರ ಸಾಕು. ಇದು ನನ್ನ ಶ್ಯಾಣ್ಯಾತನ ಅಲ್ಲ, ಅಮೆರಿಕಾದ ಡೊರೊಥಿಯಾ ಒರೆಮ್ ಅನ್ನೋ ನರ್ಸ್ ಹೇಳಿದ ವಿಚಾರ, ನರ್ಸಿಂಗ್ ಓದಿದವರೆಲ್ಲಾ ಪರೀಕ್ಷಾಕ್ಕ ಬಾಯಿಪಾಠ ಮಾಡಿರ್ತಾರ, ಮನ್ಯಾಗ ಮಾತ್ರ ಯಾರೂ ಮಾಡಂಗಿಲ್ಲ.

ಯಾಕ ಇಷ್ಟು ಒತ್ತಿ ಹೇಳ್ತೀನಿ ಅಂದ್ರ, ನಮ್ಮ ಕಡೆ ಮನಿಯವರು ಎರಡು ತರ ಇರ್ತಾರ. ಒಂದು, "ಎಲ್ಲಾ ನಾಟಕ, ಮೈಗಳ್ಳತನ" ಅಂತ ಬೈಯೋರು. ಇನ್ನೊಂದು, ಪ್ರೀತಿ ಹೆಚ್ಚಾಗಿ ಎಲ್ಲಾ ತಾವೇ ಮಾಡೋರು. ಲಕ್ವಾ ಹೊಡೆದ ಅಪ್ಪನಿಗೆ ಬಲಗೈ ಹೋಗಿರ್ತದ, ಎಡಗೈಯಿಂದ ರೊಟ್ಟಿ ಮುರ್ಕೊಳ್ತಾನ, ಆದ್ರ ಸೊಸಿ ನಿಂತು ತುತ್ತು ಮಾಡಿ ಬಾಯಿಗೆ ಇಡ್ತಾಳ. ಎಡಗೈಲಿ ಉಣ್ಣೋದು ಅಶುಭ ಅಂತ ಅಜ್ಜಿ ಒಬ್ಬಾಕಿ ಬ್ಯಾರೆ ಗದ್ದಲ ಮಾಡ್ತಿರ್ತಾಳ! ಹಿಂಗ ಕೆಲವು ತಿಂಗಳು ಹೋದ್ರ ಅವನ ಕೈಯಿಂದ ಆಗ್ತಿದ್ದದ್ದೂ ಆಗದಂಗ ಆಗ್ತದ. ಅವರ ಕೈಯಿಂದ ಆಗೋ ಕೆಲಸ ಕಸಕೊಳ್ಳಬ್ಯಾಡ್ರಿ, ಎಷ್ಟು ತಡ ಆದ್ರೂ. ಅಂಗಿ ಗುಂಡಿ ಹಾಕ್ಕೊಳ್ಳಾಕ ಹತ್ತು ನಿಮಿಷ ಬೇಕಾ, ಬೇಕಾಗ್ಲಿ. ಹದಿನೈದು ದಿನಕ್ಕೊಮ್ಮೆ ನೋಟ್‌ಬುಕ್ ತಗದು ಯಾವುದಾದ್ರೂ ಕೆಲಸ ಮೊದಲ ಕಾಲಂನಿಂದ ಎರಡಕ್ಕ, ಎರಡರಿಂದ ಮೂರಕ್ಕ ಸರೀತಾ ನೋಡ್ರಿ. ಡಾಕ್ಟರ್ ಸಾಹೇಬ್ರಿಗೆ "ಹಂಗೇ ಅದಾರ್ರಿ" ಅನ್ನೋ ಬದಲು ಇದನ್ನ ತೋರಿಸಿದ್ರ ಅವರಿಗೂ ಭಾಳ ಅನುಕೂಲ.

2. ದಿನಕ್ಕ ಒಂದು ಕಟ್ಟು ಹಾಕ್ರಿ

ಡಿಪ್ರೆಶನ್‌ನಾಗ ಇದ್ದವರಿಗೆ "ಮನಸ್ಸು ಗಟ್ಟಿ ಮಾಡ್ಕೋ, ಹುಮ್ಮಸ್ಸು ಬಂದಾಗ ಎದ್ದು ಕೆಲಸ ಮಾಡು" ಅಂದ್ರ ಆಗಂಗಿಲ್ಲ. ಉಲ್ಟಾ ಅದ ಇದು. ಮೊದಲು ಸಣ್ಣ ಕೆಲಸ, ಆಮ್ಯಾಲ ಹುಮ್ಮಸ್ಸು. ಮೊದಲ ದಿನ ಹಾಸಿಗಿ ಬಿಟ್ಟೆದ್ದು ಕೌದಿ ಮಡಚಿದ್ರ ಸಾಕು. ಮೂರ್ನಾಲ್ಕು ದಿನ ಬಿಟ್ಟು, ಮಾರಿ ತೊಳಕೊಂಡು ಕಟ್ಟಿ ಮ್ಯಾಲ ಬಂದು ಕುಂತು ಚಾ ಕುಡಿಯೋದು. ಆಮ್ಯಾಲ ಕಿರಾಣಿ ಅಂಗಡಿ ತನಕ ಹೋಗಿ ಬರೋದು. ಕೆಲಸ ಅವರಿಗೆ ಮೊದಲು ಇಷ್ಟ ಇದ್ದದ್ದೇ ಇರ್ಲಿ, ಶೇಂಗಾ ಸುಲಿಯೋದು, ಎಮ್ಮಿಗೆ ಮೇವು ಹಾಕೋದು, ಹೂ ಕಟ್ಟೋದು, ಭಜನಿಗೆ ಹೋಗಿ ಹಿಂದ ಕುಂದ್ರೋದು, ಏನಾದ್ರೂ ಆಗ್ಲಿ. ಮಾಡಿದ್ರ "ಛಲೋ ಆತು" ಅನ್ರಿ, ಮಾಡ್ಲಿಲ್ಲಂದ್ರ ಸುಮ್ಮನಿರ್ರಿ, ನಾಳಿ ಅದಕ್ಕಿಂತ ಸಣ್ಣದು ಕೊಡ್ರಿ.

ಟೈಮ್ ಮಾತ್ರ ಬದಲಿ ಮಾಡಬ್ಯಾಡ್ರಿ. ಏಳೋ ಟೈಮ್, ಉಣ್ಣೋ ಟೈಮ್, ಮಲಗೋ ಟೈಮ್ ಮೂರೂ ದಿನಾ ಒಂದೇ ಇರ್ಲಿ. ಬೈಪೋಲಾರ್ ಇದ್ದವರಿಗಂತೂ ನಿದ್ದಿ ಕೆಟ್ರ ಕಾಯಿಲಿ ಕೆದಕಿದಂಗ. ಊರಾಗ ಜಾತ್ರಿ, ಮದುವಿ, ರಾತ್ರಿ ಪೂರ್ತಿ ನಾಟಕ ಅಂದ್ರ ನಮ್ಮ ಮಂದಿ ನಿದ್ದಿಗೆಟ್ಟು ಕುಂದ್ರತಾರ, ಕೊಪ್ಪಳದ ಗವಿಮಠದ ಜಾತ್ರಿಗೆ ಹೋಗ್ರಿ, ತೇರು ನೋಡ್ರಿ, ಬ್ಯಾಡ ಅನ್ನಂಗಿಲ್ಲ, ರಾತ್ರಿ ಮಾತ್ರ ಮನಿಗೆ ಬಂದು ಟೈಮಿಗೆ ಮಲಗಲಿ. ನಿದ್ದಿ ಬರದವರಿಗೆ: ಸಂಜಿ ನಾಕರ ಮ್ಯಾಲ ಚಾ ಬಂದ್, ಮಧ್ಯಾಹ್ನ ಮಲಗಿದ್ರ ಅರ್ಧ ತಾಸು ಅಷ್ಟೇ, ಹಾಸಿಗಿ ಮ್ಯಾಲ ಕುಂತು ಮೊಬೈಲ್‌ನಾಗ ರೀಲ್ಸ್ ನೋಡೋದು ಬಂದ್. ಮಲಗಿ ಇಪ್ಪತ್ತು ನಿಮಿಷ ಆದ್ರೂ ನಿದ್ದಿ ಬರ್ಲಿಲ್ಲಂದ್ರ ಎದ್ದು ಹೊರಗ ಕುಂತು, ನಿದ್ದಿ ಜೋಲಿ ಬಂದಾಗ ಹೋಗಿ ಮಲಗಲಿ. ರಾತ್ರಿ ನಿದ್ದಿ ಆಗ್ಲಿಲ್ಲ ಅಂತ ಮುಂಜಾನಿ ಹತ್ತರ ತನಕ ಮಲಗಿಸಬ್ಯಾಡ್ರಿ, ಅಲ್ಲೇ ಚಕ್ರ ತಪ್ಪೋದು.

ಈಗ ನಮ್ಮ ರಾಯಚೂರು ಬ್ಯಾಸಗಿ ಬಗ್ಗೆ. ಪುಸ್ತಕದಾಗ "ದಿನಾ ಅರ್ಧ ತಾಸು ವಾಕಿಂಗ್" ಅಂತ ಸಲೀಸಾಗಿ ಬರ್ದಿರ್ತಾರ, 42 ಡಿಗ್ರಿ ಬಿಸಲಾಗ ಯಾರು ನಡೀತಾರ್ರಿ. ಮಾರ್ಚ್‌ನಿಂದ ಜೂನ್ ತನಕ ಮುಂಜಾನಿ ಆರರಿಂದ ಏಳೂವರಿ ಒಳಗ ನಡಿಗಿ ಮುಗಿಸ್ರಿ, ಇಲ್ಲಂದ್ರ ಮನಿ ಒಳಗೇ ನಡಿಲಿ. ಮಾನಸಿಕ ಕಾಯಿಲಿಗೆ ಕೊಡೋ ಕೆಲವು ಗುಳಿಗಿ ಮೈ ಬೆವರೋದನ್ನ ಕಮ್ಮಿ ಮಾಡ್ತಾವ, ಮೈ ಬಿಸಿ ಹೊರಗ ಹೋಗಂಗಿಲ್ಲ, ಹತ್ತಿ ಹೊಲ ಮೆಣಸಿನಕಾಯಿ ಹೊಲಕ್ಕ ಮಧ್ಯಾಹ್ನ ಕಳಿಸಬ್ಯಾಡ್ರಿ. ಬೈಪೋಲಾರ್‌ಗೆ ಕೊಡೋ ಲಿಥಿಯಂ ಗುಳಿಗಿ ತಗೊಳ್ಳೋರು ಇನ್ನೂ ಹುಷಾರ್. ಬೆವರು ಜಾಸ್ತಿ ಹೋಗಿ ನೀರು ಕಮ್ಮಿ ಆದ್ರ, ಇಲ್ಲಾ ವಾಂತಿ ಭೇದಿ ಆದ್ರ, ರಕ್ತದಾಗ ಲಿಥಿಯಂ ಏರ್ತದ. ಕೈ ಜೋರು ನಡುಗೋದು, ತೂರಾಡೋದು, ಮಾತು ತೊದಲೋದು, ಮಂಪರು, ವಾಂತಿ ಕಂಡ್ರ ಅವತ್ತೇ ದವಾಖಾನಿ. ಇವರಿಗೆ ಉಪ್ಪು ಒಮ್ಮೆಲೇ ಬಂದ್ ಮಾಡೋದೂ ತಪ್ಪು. ಮನ್ಯಾಗ ಒಬ್ಬರಿಗೆ ಬಿಪಿ ಅಂತ ಎಲ್ಲರಿಗೂ ಸಪ್ಪನ ಅಡಗಿ ಮಾಡೋರು ಇದನ್ನ ನೆನಪಿಡ್ರಿ. ಇನ್ನ ಕಿಡ್ನಿ, ಹಾರ್ಟ್ ಫೇಲ್ ಇದ್ದವರಿಗೆ ನೀರಿಗೇ ಲೆಕ್ಕ ಇರ್ತದ, "ಬ್ಯಾಸಗಿ ಅದ, ಭಾಳ ಕುಡೀರಿ" ಅನ್ನೋ ಮಾತು ಅವರಿಗೆ ಹೇಳಬ್ಯಾಡ್ರಿ, ಡಾಕ್ಟರಿಗೆ ಕೇಳಿ ದಿನಕ್ಕ ಎಷ್ಟು ಅಂತ ಒಂದು ಬಾಟಲಿ ಅಳತಿ ಇಟ್ಕೋರಿ.

3. ಮಾತು

ನನಗ ಕೇಳಿದ್ರ ಆರೈಕಿಯಾಗ ಎಲ್ಲಕ್ಕಿಂತ ದೊಡ್ಡ ಕೆಲಸ ಇದೇ, ರೊಕ್ಕಾನೂ ಹತ್ತಂಗಿಲ್ಲ, ಆದ್ರೂ ಇದರಾಗೇ ನಾವು ಭಾಳ ಸೋಲ್ತೀವಿ.

1950ರ ದಶಕದಾಗ ಲಂಡನ್‌ನಾಗ ಜಾರ್ಜ್ ಬ್ರೌನ್ ಅನ್ನೋ ಸಂಶೋಧಕ ಒಂದು ವಿಚಿತ್ರ ನೋಡಿದ್ರು. ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆ ಆಗಿ ಅಪ್ಪ ಅವ್ವನ ಹತ್ರ, ಹೆಂಡ್ತಿ ಹತ್ರ ಹೋದವರು, ಬಾಡಿಗಿ ರೂಮಿನಾಗ ಬ್ಯಾರೆಯವರ ಜೊತಿ ಇದ್ದವರಿಗಿಂತ ಹೆಚ್ಚು ಸಲ ವಾಪಸ್ ಅಡ್ಮಿಟ್ ಆಗ್ತಿದ್ರು. ಯಾಕ ಅಂತ ಹುಡುಕಿದಾಗ ಸಿಕ್ಕಿದ್ದು ಇದು: ಚುಚ್ಚಿ ಮಾತಾಡೋದು, ಸಿಟ್ಟು, ಇಲ್ಲಾ ಅತಿಯಾಗಿ ಹಚ್ಚಿಕೊಂಡು ಉಸಿರಾಡಾಕ ಬಿಡದಂಗ ಕಾಯೋದು, ಇವು ಜಾಸ್ತಿ ಇರೋ ಮನ್ಯಾಗ ಸ್ಕಿಜೋಫ್ರೇನಿಯಾ ಮತ್ತ ಮತ್ತ ಕೆರಳ್ತದ. ಆಮ್ಯಾಲ ನಮ್ಮ ಚಂಡೀಗಢದಾಗೂ ಅದೇ ತರ ಅಳದು ನೋಡಿದ್ರು, ಅಲ್ಲಿ ಅಂಥ ಮನಿ ಲಂಡನ್‌ಗಿಂತ ಕಮ್ಮಿ ಸಿಕ್ಕವು. ಮನಿಯವರಿಂದ ಕಾಯಿಲಿ ಬಂತು ಅಂತ ಅಲ್ಲ ಇದರ ಅರ್ಥ, ಯಾರೂ ತಪ್ಪು ತಿಳಕೊಳ್ಳಬ್ಯಾಡ್ರಿ. ಬಂದ ಕಾಯಿಲಿ ತಣ್ಣಗ ಇರೋದ್ರಾಗ ಮನಿ ಮಾತಿಗೆ ಪಾಲು ಅದ ಅಂತ ಅಷ್ಟೇ.

ಹಂಗಾದ್ರ ಹ್ಯಾಂಗ ಮಾತಾಡ್ಬೇಕು? ಮಗ ಬೆಳಗಿಂದ ಜಳಕ ಮಾಡಿಲ್ಲ ಅಂದ್ಕೋರಿ. "ನಿನ್ನ ವಾರಿಗಿಯವ್ರೆಲ್ಲಾ ದುಡದು ಮನಿ ಕಟ್ಟಿಸಿದ್ರು, ನೀನು ನೋಡಿದ್ರ ಜಳಕಾನೂ ಮಾಡಂಗಿಲ್ಲ" ಅನ್ನೋದು ನಮಗ ರೂಢಿ. ಅದರ ಬದಲಿಗೆ, "ತಮ್ಮಾ, ನೀರು ಕಾಯಿಸೀನಿ, ಅಂಗಿ ತಗದು ಇಟ್ಟೀನಿ, ಹತ್ತಕ್ಕ ಮಾಡ್ತೀಯೋ ಹನ್ನೊಂದಕ್ಕೋ?" ಅನ್ರಿ. ಒಂದೇ ಕೆಲಸ ಹೇಳ್ರಿ, ಎರಡು ಆಯ್ಕೆ ಕೊಡ್ರಿ, ಹಳೇ ಪುರಾಣ ತಗೀಬ್ಯಾಡ್ರಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬ್ಯಾಡ್ರಿ, ನಾಕು ಮಂದಿ ಸುತ್ತ ನಿಂತು ಬುದ್ಧಿ ಹೇಳೋದು ನಮ್ಮ ಕಡೆ ಭಾಳ, ಆ ಮನುಷ್ಯಾಗ ಮೊದಲೇ ತಲ್ಯಾಗ ಗದ್ದಲ ಇರ್ತದ.

ಕಿವ್ಯಾಗ ಯಾರೋ ಮಾತಾಡಿದಂಗ ಕೇಳಿಸ್ತದ ಅಂದ್ರ "ಹುಚ್ಚರಂಗ ಮಾತಾಡಬ್ಯಾಡ, ಯಾರೂ ಇಲ್ಲ" ಅಂತ ವಾದಕ್ಕ ಇಳೀಬ್ಯಾಡ್ರಿ, "ಹೌದು, ನನಗೂ ಕೇಳಿಸ್ತು" ಅಂತ ಸುಳ್ಳು ಒಪ್ಪಿಗೀನೂ ಬ್ಯಾಡ. ನಡುವಿನ ದಾರಿ ಹಿಂಗ ಅದ: "ನನಗ ಕೇಳಿಸ್ತಿಲ್ಲ ನೋಡವ್ವಾ, ಆದ್ರ ನಿನಗ ಅಂಜಿಕಿ ಆಗ್ಯಾದ ಅಂತ ಗೊತ್ತಾಗ್ತದ, ಬಾ ನನ್ನ ಹತ್ರ ಕುಂದ್ರು." ಅಂಜಿಕಿ ಖರೇ, ಅದಕ್ಕ ಉತ್ತರ ಕೊಡ್ರಿ. ಆಮ್ಯಾಲ ಧ್ವನಿಯಿಂದ ಗಮನ ಸರಿಸೋ ಕೆಲಸ: ರೇಡಿಯೋ ಹಚ್ಚೋದು, ಇಯರ್‌ಫೋನ್‌ನಾಗ ಹಾಡು, ಗುಣಗುಣ ಅಂತ ವಚನ ಹಾಡೋದು, ಯಾರ ಜೊತಿಯಾದ್ರೂ ಜೋರಾಗಿ ಮಾತಾಡೋದು. ಒಬ್ಬೊಬ್ಬರಿಗೆ ಒಂದೊಂದು ಕೆಲಸಕ್ಕ ಬರ್ತದ, ಯಾವುದು ಬಂತು ಅಂತ ನೋಟ್‌ಬುಕ್‌ನಾಗ ಬರೀರಿ. ಆದ್ರ ಆ ಧ್ವನಿ "ಸಾಯಿ", "ಹೊಡಿ" ಅಂತ ಹೇಳ್ತದಾ ಅಂತ ತಪ್ಪದೇ ಕೇಳ್ರಿ, ಹೌದು ಅಂದ್ರ ಅವತ್ತೇ ಡಾಕ್ಟರ್.

ದೇವರು, ದರ್ಗಾ, ಹೇಳಿಕಿ ಬಗ್ಗೆ. ಹುಲಿಗೆಮ್ಮಗ ಹೋಗ್ತೀವಿ, ತಾಯತ ಕಟ್ಟಿಸ್ತೀವಿ ಅಂದ್ರ ನಾನು ಬ್ಯಾಡ ಅಂತ ಜಗಳ ತಗಿಯಂಗಿಲ್ಲ, ಹೋಗಿ ಬರ್ರಿ, ಗುಳಿಗಿ ಚೀಲ ಜೊತಿಗೆ ಇರ್ಲಿ ಅಂತೀನಿ. ಹೊಡಿಯೋದು, ಬರೆ ಹಾಕೋದು, ಉಪವಾಸ ಕೆಡವೋದು, ಸರಪಳಿ ಹಾಕೋದು ಮಾತ್ರ ಯಾವ ಕಾರಣಕ್ಕೂ ಬ್ಯಾಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಕಾಯಿಲಿಯವರನ್ನ ಯಾವ ರೀತಿಯಾಗೂ ಸರಪಳಿಯಿಂದ ಕಟ್ಟಬಾರದು ಅಂತ ಸಾಫಾಗಿ ಹೇಳ್ತದ.

4. ಮನಸ್ಸಿನ ಪೇಷಂಟಿನ ಮೈ ನೋಡ್ರಿ, ಮೈ ಪೇಷಂಟಿನ ಮನಸ್ಸು ನೋಡ್ರಿ

ಮಾನಸಿಕ ಕಾಯಿಲಿಯ ಕೆಲವು ಗುಳಿಗಿ ತಗೊಳ್ಳೋರಿಗೆ ಹಸಿವು ಹೆಚ್ಚಾಗಿ ತೂಕ ಏರಬಹುದು, ಶುಗರ್ ಬರಬಹುದು. ತಿಂಗಳಿಗೊಮ್ಮೆ ತೂಕ, ಹೊಕ್ಕಳ ಮಟ್ಟಕ್ಕ ಟೇಪ್ ಹಿಡದು ಸೊಂಟದ ಸುತ್ತಳತಿ ಬರೀರಿ. ದರ್ಜಿ ಟೇಪ್ ಸಾಕು. ಹಸಿವು ಅಂದಾಗ ಮಂಡಾಳ ಒಗ್ಗರಣಿ, ಮಿರ್ಚಿ, ಬಿಸ್ಕೀಟು, ತಂಪು ಸೋಡಾ ಕೊಡೋ ಬದಲು ಸೌತಿಕಾಯಿ, ಮಜ್ಜಿಗಿ, ಹುರದ ಕಡ್ಲಿ, ಮೊಳಕಿ ಹೆಸರು ಕೈಗೆ ಸಿಗೋ ಹಂಗ ಇಡ್ರಿ. ಈ ಗುಳಿಗಿಗಳಿಗೆ ಮಲಬದ್ಧತೆನೂ ಆಗ್ತದ, ನಾಚಿಕಿ ಪಟ್ಟು ಯಾರೂ ಹೇಳಂಗಿಲ್ಲ, ನೀವೇ ಕೇಳ್ರಿ. ಪುಂಡಿ ಪಲ್ಯ, ಕಾಳಿನ ಪಲ್ಯ, ನೀರು, ದಿನಾ ನಾಷ್ಟಾ ಆದ ಮ್ಯಾಲ ಒಂದೇ ಟೈಮಿಗೆ ಸಂಡಾಸಕ್ಕ ಹೋಗೋ ರೂಢಿ. ಮೂರು ದಿನ ಆಗ್ಲೇ ಇಲ್ಲ, ಹೊಟ್ಟಿ ಉಬ್ಬ್ಯಾದ ಅಂದ್ರ ಡಾಕ್ಟರಿಗೆ ಹೇಳ್ರಿ. ಬೀಡಿ ಸಿಗರೇಟ್ ಒಮ್ಮೆಲೇ ಬಿಟ್ರ ಅದೂ ಹೇಳ್ರಿ, ಕ್ಲೋಜಪಿನ್, ಒಲಾಂಜಪಿನ್ ಅನ್ನೋ ಮಾನಸಿಕ ಕಾಯಿಲಿ ಗುಳಿಗಿ ತಗೊಳ್ಳೋರಿಗೆ ಬೀಡಿ ಬಿಟ್ಟ ಮ್ಯಾಲ ಅದೇ ಗುಳಿಗಿ ರಕ್ತದಾಗ ಜಾಸ್ತಿ ಆಗ್ತದ, ಡೋಸ್ ನೋಡ್ಬೇಕಾಗ್ತದ.

ಶುಗರ್‌ನವರಿಗೆ "ಜೋಳದ ರೊಟ್ಟಿ ಆದ್ರ ಎಷ್ಟು ತಿಂದ್ರೂ ನಡೀತದ" ಅನ್ನೋ ನಂಬಿಕಿ ಅದ. ನಡಿಯಂಗಿಲ್ಲ. ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ಮೂರು ಹೊತ್ತೂ ಅನ್ನ ಉಣ್ಣೋದಕ್ಕಿಂತ ಜೋಳ ಛಲೋ, ಆದ್ರ ನಾಕು ರೊಟ್ಟಿ ನಾಕೇ. ತಾಟಿನಾಗ ಅರ್ಧ ಪಲ್ಯ ಕೋಸಂಬರಿ, ಕಾಲು ಭಾಗ ಕಾಳು ಬ್ಯಾಳಿ, ಇನ್ನ ಕಾಲು ಭಾಗ ರೊಟ್ಟಿ ಅಥವಾ ಅನ್ನ, ಹಿಂಗ ಕಣ್ಣಳತಿ ಸಾಕು. ಉಪ್ಪು ಬಿಪಿ ಇದ್ದವರಿಗೆ ಎಲ್ಲಾ ಸೇರಿ ದಿನಕ್ಕ 5 ಗ್ರಾಂ ಒಳಗ, ಅಂದ್ರ ಒಂದು ಚಾ ಚಮಚ, ಅದರಾಗೇ ಉಪ್ಪಿನಕಾಯಿ ಹಪ್ಪಳ ಚಟ್ನಿ ಪುಡಿ ಲೆಕ್ಕಾನೂ ಬಂತು.

ಶುಗರ್ ಇಳದ್ರ: ಬೆವರು, ನಡುಕ, ಎದಿ ಡವಡವ, ಸಿಡಿಮಿಡಿ, ಏನೇನೋ ಮಾತಾಡೋದು. ಮೀಟರ್‌ನಾಗ 70ಕ್ಕಿಂತ ಕಮ್ಮಿ ಇದ್ರ, ಮೀಟರ್ ಇಲ್ಲಂದ್ರ ಲಕ್ಷಣ ನೋಡಿನೇ, ಮೂರು ಚಮಚ ಸಕ್ಕರಿ ನೀರಾಗ ಕಲಸಿ ಕುಡಿಸ್ರಿ, ಹದಿನೈದು ನಿಮಿಷ ನೋಡ್ರಿ, ಸರಿ ಆಗ್ಲಿಲ್ಲಂದ್ರ ಇನ್ನೊಮ್ಮೆ, ಆಮ್ಯಾಲ ಊಟ. ಎಚ್ಚರ ತಪ್ಪಿದ್ರ ಬಾಯಿಗೆ ಏನೂ ಹಾಕಬ್ಯಾಡ್ರಿ, ಒಂದು ಮಗ್ಗಲಿಗೆ ಮಲಗಿಸಿ 108ಕ್ಕ ಫೋನ್. ಮಾನಸಿಕ ಕಾಯಿಲಿನೂ ಇದ್ದವರಾದ್ರ ಈ ಸಿಡಿಮಿಡಿ ನೋಡಿ "ಮತ್ತ ತಲಿ ಕೆಡ್ತು" ಅಂತ ರೂಮಿನಾಗ ಹಾಕಿ ಬಿಡ್ತಾರ, ಅದು ಭಾಳ ಅಪಾಯ.

ಇನ್ನ ಕಾಲು. ನಮ್ಮ ಎರಿ ಹೊಲದಾಗ ಬರಿಗಾಲಲ್ಲಿ ಅಡ್ಡಾಡೋರಿಗೆ ಹಿಮ್ಮಡಿ ಸೀಳಿರ್ತದ, ಶುಗರ್‌ನಿಂದ ಕಾಲು ಜೋಮು ಹಿಡದಿದ್ರ ಮುಳ್ಳು ಚುಚ್ಚಿದ್ದೂ ಗೊತ್ತಾಗಂಗಿಲ್ಲ. ಯುಗಾದಿ ಮುಂದ ಶ್ರೀಶೈಲಕ್ಕ ಪಾದಯಾತ್ರಿ ಹೊಂಡೋರನ್ನ ನೋಡ್ರಿ, ಅದರಾಗ ಎಷ್ಟು ಮಂದಿ ಶುಗರ್‌ನವರು ಇರ್ತಾರೋ, ಸುಡೋ ಡಾಂಬರು ರೋಡಿನ ಮ್ಯಾಲ ನಡದು ಬೊಕ್ಕಿ ಎದ್ದು, ಅದು ಹುಣ್ಣಾಗಿ, ಬೆರಳು ಕತ್ತರಿಸೋ ತನಕ ಹೋಗ್ತದ. ಹರಕಿ ಇದ್ರ ಮಲ್ಲಯ್ಯಗ ಬಸ್ಸಿನಾಗ ಹೋಗಿ ಕೈ ಮುಗದ್ರೂ ಆಗ್ತದ. ದಿನಾ ರಾತ್ರಿ ಮಲಗೋ ಮುಂಚೆ ಹಿಂಗ ಮಾಡ್ರಿ: ಉಗುರು ಬೆಚ್ಚಗಿನ ನೀರಾಗ ಕಾಲು ತೊಳದು, ನೀರಿನ ಬಿಸಿ ಬ್ಯಾರೆಯವರು ಕೈಯಿಟ್ಟು ನೋಡಿ, ಬೆರಳ ಸಂದಿ ಒಣ ಅರಿವಿಲೆ ಒರಸಿ, ಅಂಗಾಲಿಗೆ ಕೊಬ್ಬರಿ ಎಣ್ಣಿ ಹಚ್ಚೋದು, ಬೆರಳ ಸಂದಿಗೆ ಮಾತ್ರ ಎಣ್ಣಿ ಬ್ಯಾಡ, ಅಲ್ಲಿ ಹಸಿ ಉಳದ್ರ ಹುಳಿತದ. ಆಮ್ಯಾಲ ಅಂಗಾಲಿನ ಕೆಳಗ ಕನ್ನಡಿ ಹಿಡದು ನೋಡೋದು, ಕಣ್ಣು ಮಂಜಿದ್ರ ಮೊಮ್ಮಗಳಿಗೆ ಹೇಳ್ರಿ. ಉಗುರು ಅಡ್ಡಕ್ಕ ನೆಟ್ಟಗ ಕತ್ತರಿಸ್ರಿ, ಮೂಲಿ ಕೊರೀಬ್ಯಾಡ್ರಿ. ಆಣಿ ಇದ್ರ ಬ್ಲೇಡ್ ಹಚ್ಚಬ್ಯಾಡ್ರಿ. ಚಪ್ಪಲ್ ಹಾಕ್ಕೊಳ್ಳೋ ಮುಂದ ಒಳಗ ಕೈಯಾಡಿಸಿ ಕಲ್ಲು ಮುಳ್ಳು ನೋಡ್ರಿ. ಗಾಯಕ್ಕ ಬೂದಿ, ಸುಣ್ಣ, ಚಾ ಪುಡಿ ಹಚ್ಚಿ ಕಟ್ಟೋದು ಬ್ಯಾಡ.

ಮೈ ಕಾಯಿಲಿಯವರ ಮನಸ್ಸು ನೋಡೋದು ಸುಲಭ ಅದ, ಆದ್ರೂ ನಾವು ಬಿಡ್ತೀವಿ. ಡಯಾಲಿಸಿಸ್‌ಗೆ ಹೋಗೋ ಅಣ್ಣ, ಲಕ್ವಾದ ಕಾಕಾ ಎರಡು ವಾರದಿಂದ ಯಾರ ಜೊತಿನೂ ಮಾತಾಡ್ತಿಲ್ಲ, ಊಟ ರುಚಿ ಇಲ್ಲ ಅಂತಾರ, ಟಿವಿ ಮುಂದ ಕುಂತ್ರೂ ನೋಡಂಗಿಲ್ಲ, "ನನ್ನಿಂದ ನಿಮಗ ಭಾರ" ಅಂತಾರ. ಇದು ವಯಸ್ಸಿನ ಸಹಜ ಅಲ್ಲ, ಡಿಪ್ರೆಶನ್ ಇರಬಹುದು, ಮುಂದಿನ ತಪಾಸಣಿದಾಗ ಹೇಳ್ರಿ.

5. ಹಾಸಿಗಿ ಹಿಡದವರು

ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸ್ರಿ, ಮೊಬೈಲ್‌ನಾಗ ಅಲಾರಂ ಇಡ್ರಿ. ಎಡ ಮಗ್ಗಲು, ಬೆನ್ನು, ಬಲ ಮಗ್ಗಲು ಹಿಂಗ. ಪೂರ್ತಿ ಮಗ್ಗಲಿಗೆ ಉರುಳಿಸೋದಕ್ಕಿಂತ ಬೆನ್ನಿಗೆ ದಿಂಬು ಕೊಟ್ಟು ಅರ್ಧಕ್ಕಿಂತ ಕಮ್ಮಿ ವಾಲಿಸಿದ್ರ ಸೊಂಟದ ಎಲುವಿನ ಮ್ಯಾಲ ಭಾರ ಬೀಳಂಗಿಲ್ಲ. ಮ್ಯಾಲಕ್ಕ ಸರಿಸುವಾಗ ತೋಳು ಹಿಡದು ಎಳೀಬ್ಯಾಡ್ರಿ, ಕೆಳಗ ಮಡಚಿದ ಚಾದರ ಹಾಸಿ ಎರಡೂ ಕಡೆ ಒಬ್ಬೊಬ್ಬರು ಹಿಡದು ಎತ್ರಿ, ಎಳದ್ರ ತೊಗಲು ಕಿತ್ತು ಹುಣ್ಣು ಅಲ್ಲಿಂದನೇ ಶುರು. ಮೀನಖಂಡದ ಕೆಳಗ ದಿಂಬು ಇಟ್ರ ಹಿಮ್ಮಡಿ ಗಾಳಿಯಾಗ ನಿಲ್ತದ. ದಿನಾ ಮೈ ಒರಸುವಾಗ ಬೆನ್ನಿನ ಕೆಳಗ, ಹಿಮ್ಮಡಿ, ಮೊಣಕೈ, ಕಿವಿ ಹಿಂದ ನೋಡ್ರಿ. ಕೆಂಪಾದ ಜಾಗ ಬೆರಳಿಂದ ಒತ್ತಿದ್ರ ಬೆಳ್ಳಗ ಆಗ್ಲಿಲ್ಲಂದ್ರ ಹುಣ್ಣು ಒಳಗ ಶುರು ಆಗ್ಯಾದ ಅಂತನೇ ತಿಳೀರಿ (ಕಪ್ಪು ಮೈ ಬಣ್ಣದವರಿಗೆ ಕೆಂಪು ಕಾಣಂಗಿಲ್ಲ, ಜಾಗ ಬಿಸಿ ಅದಾ ಗಟ್ಟಿ ಅದಾ ಮುಟ್ಟಿ ನೋಡ್ರಿ). ಅಲ್ಲಿ ತಿಕ್ಕಬ್ಯಾಡ್ರಿ, ಎಣ್ಣಿ ಹಾಕಿ ಮಾಲೀಸ್ ಮಾಡಬ್ಯಾಡ್ರಿ, ನಡುವ ತೂತು ಇರೋ ರಿಂಗ್ ದಿಂಬು ಇಡಬ್ಯಾಡ್ರಿ, ಆ ಜಾಗದ ಮ್ಯಾಲ ಭಾರ ಬಿಡದಂಗ ಇದ್ರ ಸಾಕು.

ಲಕ್ವಾದವರಿಗೆ ಊಟ ಮಲಗಿಸಿ ಬ್ಯಾಡವೇ ಬ್ಯಾಡ. ನೆಟ್ಟಗ ಕುಂದ್ರಿಸಿ, ಗದ್ದ ಸ್ವಲ್ಪ ಕೆಳಗ ಮಾಡಿ, ಸಣ್ಣ ಸಣ್ಣ ತುತ್ತು, ಒಂದು ನುಂಗಿದ ಮ್ಯಾಲ ಇನ್ನೊಂದು. ತೆಳ್ಳನ ನೀರಿಗಿಂತ ಗಂಜಿ ಅಂಬಲಿ ಗಟ್ಟಿ ಇರೋದು ನುಂಗಾಕ ಸುಲಭ, ನೀರು ಕುಡದಾಗ ಕೆಮ್ಮು ಬರ್ತದ, ಇಲ್ಲಾ ಉಂಡ ಮ್ಯಾಲ ಧ್ವನಿ ಗೊರಗೊರ ಅಂತದ ಅಂದ್ರ ಊಟ ಶ್ವಾಸಕೋಶಕ್ಕ ಹೋಗ್ತಿರಬಹುದು, ಡಾಕ್ಟರಿಗೆ ತೋರಿಸೋ ತನಕ ಬಾಯಿಂದ ಕೊಡೋದು ನಿಲ್ಲಿಸ್ರಿ. ಉಂಡ ಮ್ಯಾಲ ಅರ್ಧ ತಾಸು ಕುಂತೇ ಇರ್ಲಿ. ಬಾಯಿ ದಿನಾ ಎರಡು ಸಲ ಸ್ವಚ್ಛ ಮಾಡ್ರಿ.

ದಮ್ಮಿನವರಿಗೆ ಒಂದೇ ಮಾತು ಹೇಳಿ ಮುಂದ ಹೋಗ್ತೀನಿ. ಉಸಿರು ಕಟ್ಟಿದಾಗ ಮುಂದ ಬಾಗಿ ಮೊಣಕೈ ತೊಡಿ ಮ್ಯಾಲ ಊರಿ ಕುಂತು, ಮೂಗಿನಿಂದ ಎರಡು ಎಣಿಸೋ ತನಕ ಉಸಿರು ತಗೊಂಡು, ತುಟಿ ಪೀಪಿ ಊದೋ ಹಂಗ ಮಾಡಿ ನಾಕು ಎಣಿಸೋ ತನಕ ನಿಧಾನ ಬಿಡೋದು. ಇದನ್ನ ಆರಾಮ ಇದ್ದಾಗ ರೂಢಿ ಮಾಡಿಸ್ರಿ, ದಮ್ಮು ಹತ್ತಿದಾಗ ಕಲಿಸಾಕ ಹೋದ್ರ ಬರಂಗಿಲ್ಲ. ಕಟಿಗಿ ಒಲಿ ಹೊಗಿ, ರೈಸ್ ಮಿಲ್ಲಿನ ಧೂಳು ಇವರಿಗೆ ದೂರ ಇರ್ಲಿ.

6. ಗುಳೆ ಹೋಗೋ ಮುಂದ ಒಂದು ಚೀಟಿ

ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ ಕಡೆ ಇದು ದೊಡ್ಡ ತ್ರಾಸು. ಆರೈಕಿ ಮಾಡೋ ಮಗ ಸೊಸಿ ಬೆಂಗಳೂರಿಗೆ ಗುಳೆ ಹೋಗ್ತಾರ, ಮನ್ಯಾಗ ಪೇಷಂಟ್ ಮತ್ತ ಮುದುಕಿ ಇಬ್ಬರೇ. ಹೋಗೋ ಮುಂದ ಒಂದೇ ಹಾಳಿಯಾಗ ದೊಡ್ಡ ಅಕ್ಷರದಾಗ ಬರೀರಿ: ಕಾಯಿಲಿ ಹೆಸರು, ಗುಳಿಗಿ ಯಾವ ಹೊತ್ತಿಗೆ, ಮುಂದಿನ ತಪಾಸಣಿ ದಿನ, ಆಶಾ ಕಾರ್ಯಕರ್ತೆ ನಂಬರ್, ಮತ್ತ ಕೆರಳೋ ಮುಂಚಿನ ಗುರುತುಗಳು. ಈ ಗುರುತು ಪ್ರತಿಯೊಬ್ಬರಿಗೂ ಬ್ಯಾರೆ. ಒಬ್ಬರಿಗೆ ನಿದ್ದಿ ಕಮ್ಮಿ ಆಗ್ತದ, ಒಬ್ಬರು ಗೋಡಿ ಕಡೆ ಮಾರಿ ಮಾಡ್ತಾರ, ಒಬ್ಬರು ಒಮ್ಮೆಲೇ ರೊಕ್ಕ ಖರ್ಚು ಮಾಡ್ತಾರ, ಮಂದಿಗೆ ರಾತ್ರಿ ಫೋನ್ ಹಚ್ಚತಾರ. ಹಿಂದಿನ ಸಲ ಕೆಟ್ಟಾಗ ಅದಕ್ಕಿಂತ ಎರಡು ವಾರ ಮೊದಲು ಏನಾಗಿತ್ತು ಅಂತ ಮನಿಯವರೆಲ್ಲಾ ಕುಂತು, ಪೇಷಂಟಿನ ಜೊತಿನೇ ಕುಂತು, ನೆನಪು ಮಾಡ್ಕೊಂಡು ಬರೀರಿ. ಓದಾಕ ಬರದ ಅವ್ವನಿಗೆ ಚಿತ್ರ ಬರದು ಕೊಡ್ರಿ, ಗುಳಿಗಿ ಮುಂಜಾನಿದು ಬಿಳಿ ಡಬ್ಬಿ ರಾತ್ರಿದು ಕರಿ ಡಬ್ಬಿ ಅಂತ ಮಾಡ್ರಿ, ಪಕ್ಕದ ಮನಿಯವರೊಬ್ಬರಿಗೆ ಜವಾಬ್ದಾರಿ ಹೇಳಿ ಹೋಗ್ರಿ.

7. ಎಣ್ಣಿ ಡಬ್ಬಿ ಮನಿಯಿಂದ ಹೊರಗ

ಹತ್ತಿ, ಮೆಣಸಿನಕಾಯಿ, ಭತ್ತ ಬೆಳೆಯೋ ಪ್ರತಿ ಮನ್ಯಾಗ ಬೆಳಿಗೆ ಹೊಡಿಯೋ ಎಣ್ಣಿ, ಅಂದ್ರ ಕೀಟನಾಶಕ, ಇರ್ತದ, ಅದೂ ಮಲಗೋ ಕೋಣಿ ಮಾಡದಾಗ. ಡಿಪ್ರೆಶನ್, ಕುಡಿಯೋ ಚಟ, ತಲ್ಯಾಗ ಧ್ವನಿ ಕೇಳೋ ಕಾಯಿಲಿ ಇದ್ದವರ ಮನ್ಯಾಗ ಅದು ಇರಲೇಬಾರದು. ಬೇಕಾದಷ್ಟೇ ತರ್ರಿ, ಉಳದಿದ್ದು ಬೀಗ ಹಾಕಿ ಬ್ಯಾರೆಯವರ ಹತ್ರ ಇಡ್ರಿ. ಗುಳಿಗಿ ಚೀಲಾನೂ ಒಂದು ತಿಂಗಳದ್ದು ಒಮ್ಮೆಲೇ ಅವರ ಕೈಯಾಗ ಕೊಡಬ್ಯಾಡ್ರಿ. ಸಾಯೋ ವಿಚಾರ ಬರ್ತದಾ ಅಂತ ನೇರವಾಗಿ ಕೇಳ್ರಿ, ಕೇಳಿದ್ರ ಆ ವಿಚಾರ ತಲಿಗೆ ಹಾಕಿದಂಗ ಆಗಂಗಿಲ್ಲ, ಉಲ್ಟಾ ಎಷ್ಟೋ ಮಂದಿ ಯಾರಾದ್ರೂ ಕೇಳ್ಲಿ ಅಂತ ಕಾಯ್ತಿರ್ತಾರ. ಹೌದು ಅಂದ್ರ ಒಬ್ಬರನ್ನೇ ಬಿಡಬ್ಯಾಡ್ರಿ, 14416ಕ್ಕ ಫೋನ್ ಹಚ್ರಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಾಗ ಶುರು ಆದ ಸರ್ಕಾರದ ಸಹಾಯವಾಣಿ, ರಾತ್ರಿ ಹಗಲು ಇರ್ತದ, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ. ಮನಿಯವರು ತಮ್ಮ ಸಂಕಟಕ್ಕೂ ಮಾಡಬಹುದು.

8. ನೀವು, ಮತ್ತ ಎಲ್ಲಿಗೆ ಹೋಗೋದು

ಆರೈಕಿ ಮಾಡೋರು ಹೆಚ್ಚಾಗಿ ಹೆಣ್ಮಕ್ಕಳೇ, ಅವರಿಗೇ ಬಿಪಿ ಬಂದಿರ್ತದ, ನೋಡಿಸಿರಂಗಿಲ್ಲ. ವಾರಕ್ಕ ಒಂದು ಮಧ್ಯಾಹ್ನನಾದ್ರೂ ಮನಿ ಗಂಡಸರು ಅಥವಾ ನಾದಿನಿ ಮೈದುನರು ಪಾಳಿ ತಗೊಳ್ಳಲಿ, ಇದನ್ನ ಬೇಡಿಕೊಳ್ಳಬ್ಯಾಡ್ರಿ, ದಿನ ಬರದು ಗೋಡಿಗೆ ಹಚ್ಚಿ ಬಿಡ್ರಿ.

ಮನಿಯವರನ್ನ ಆರೈಕಿಯಾಗ ಸೇರಿಸ್ಕೊಳ್ಳೋ ವಿಚಾರ ನಮ್ಮ ದೇಶಕ್ಕ ಹೊಸದಲ್ಲ. 1950ರ ದಶಕದಾಗ ಅಮೃತಸರದ ಮಾನಸಿಕ ಆಸ್ಪತ್ರೆಯಾಗ ಡಾ. ವಿದ್ಯಾಸಾಗರ್ ಪೇಷಂಟಿನ ಸಂಬಂಧಿಕರಿಗೆ ಆಸ್ಪತ್ರೆ ಬಯಲಾಗೇ ಟೆಂಟ್ ಹಾಕಿಸಿ ಇಟ್ಕೊಂಡಿದ್ರು. ಇನ್ನ ನಮ್ಮ ಬಳ್ಳಾರಿ ಹೆಸರು ಇದರಾಗ ದೊಡ್ಡದು, ಇಲ್ಲಿಯವರಿಗೇ ಗೊತ್ತಿಲ್ಲ. 1980ರ ದಶಕದಾಗ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆದಾಗ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲಿ ಚಿಕಿತ್ಸೆ ಹಳ್ಳಿಯಾಗೇ ಸಿಗೋ ಹಂಗ ಮಾಡಿ ತೋರಿಸಿದ್ರು, ಆ ಬಳ್ಳಾರಿ ಮಾದರಿ ನೋಡಿನೇ 1996ರಾಗ ದೇಶದಾಗ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಆತು. ಅದಕ್ಕ ಎಲ್ಲಾದಕ್ಕೂ ಬೆಂಗಳೂರಿಗೆ ಓಡಬೇಕಿಲ್ಲ. ರಾಯಚೂರಿನ ರಿಮ್ಸ್, ಬಳ್ಳಾರಿಯ ಬಿಎಂಸಿಆರ್‌ಸಿ (ಮೊದಲಿನ ವಿಮ್ಸ್), ಕೊಪ್ಪಳದ ಕಿಮ್ಸ್ ಅನ್ನೋ ಸರ್ಕಾರಿ ಮೆಡಿಕಲ್ ಕಾಲೇಜು ದವಾಖಾನಿ, ಜಿಲ್ಲಾ ಮಾನಸಿಕ ಆರೋಗ್ಯ ತಂಡ ಇದಾವ, ಮನೋಚೈತನ್ಯ ಅಂತ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋ ವ್ಯವಸ್ಥೆ ಅದ, ನಿಮ್ಮ ತಾಲೂಕಿಗೆ ಯಾವ ವಾರ ಅಂತ ಆಶಾ ಅಕ್ಕಾರಿಗೆ ಮೊದಲೇ ಕೇಳಿ ಹೋಗ್ರಿ, ಬಸ್ ಚಾರ್ಜ್ ಉಳೀತದ. ಮಾನಸಿಕ ಕಾಯಿಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಾಗ ಸೇರ್‍ಯಾದ, ಪ್ರಮಾಣ ಶೇಕಡಾ 40 ಇಲ್ಲಾ ಅದಕ್ಕಿಂತ ಹೆಚ್ಚು ಇದ್ರ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿದವರಿಗೆ ಮಾಸಾಶನಕ್ಕ ಅರ್ಜಿ ಹಾಕಾಕ ಬರ್ತದ.

ತಪಾಸಣಿಗೆ ಹೋಗುವಾಗ ಚೀಲದಾಗ ಇರಬೇಕಾದ್ದು: ಆ ನೋಟ್‌ಬುಕ್, ಈಗ ನುಂಗೋ ಎಲ್ಲಾ ಗುಳಿಗಿ ಖಾಲಿ ಸ್ಟ್ರಿಪ್, ಹಳೇ ಚೀಟಿ, ಬಿಪಿ ಬರದ ಹಾಳಿ. ಬಿಪಿ ಮನ್ಯಾಗ ನೋಡುವಾಗ ಐದು ನಿಮಿಷ ಬೆನ್ನಿಗೆ ಆಸರ ಕೊಟ್ಟು ಸುಮ್ಮನ ಕುಂತು, ಕಾಲು ನೆಲಕ್ಕ ಊರಿ, ತೋಳು ಎದಿ ಮಟ್ಟಕ್ಕ ಇಟ್ಟು ನೋಡಿದ್ದೇ ಬರೀರಿ, ಚಾ ಕುಡದು ಬೀಡಿ ಸೇದಿ ಅರ್ಧ ತಾಸಿನೊಳಗ ನೋಡಿದ್ದು ಲೆಕ್ಕಕ್ಕಿಲ್ಲ. ಡಾಕ್ಟರ್ ಎದುರಿಗೆ ಹೋದ ಮ್ಯಾಲ ಎಲ್ಲಾ ಮರೀತದ, ಕೇಳೋ ಮೂರು ಪ್ರಶ್ನೆ ಬಸ್ಸಿನಾಗೇ ಕುಂತು ಬರ್ಕೊಂಡು ಹೋಗ್ರಿ, ಅದರಾಗ ಒಂದು ಪ್ರಶ್ನೆ ಪೇಷಂಟ್ ಹೇಳಿದ್ದು ಇರ್ಲಿ.